ತಿಂಗಳಿಗೊಂದು ವಾರದ ನಿವೃತ್ತಿ

ಯಲಬುರ್ಗಾದಿಂದ ಕುಷ್ಟಗಿಯ ಶಾಲೆಗೆ ಪಾಠ ಹೇಳಲು ನಾನು ದಿನವೂ ಹೋಗುತ್ತಿದ್ದ ಬಸ್ಸಿನ ಕಂಡಕ್ಟರು ಪ್ರತಿ ತಿಂಗಳ ಕೊನೆಯ ವಾರ ನಿವೃತ್ತರಾಗುತ್ತಿದ್ದರು. ಟಿಕೆಟ್ ಕೊಡುತ್ತಲೇ, ರೈಟ್ ಹೇಳುತ್ತಲೇ, "ಈ ವಾರ ನಾ ರಿಟೈರ್ ಅದೀನ್ರಿ" ಎನ್ನುತ್ತಿದ್ದರು. ಮುಂದೆ ಬರುವ ಸಣ್ಣ ಪಿಂಚಣಿಯಲ್ಲಿ ಬದುಕುವ ತಾಲೀಮು ಅದು. ಹಾಗೆ ಉಳಿದ ಸಂಬಳದ ದುಡ್ಡು ನೇರ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹೋಗುತ್ತಿತ್ತು.

ಆ ವಾರ ಕುಷ್ಟಗಿ ನಿಲ್ದಾಣದಲ್ಲಿ ನಾವೆಲ್ಲ ಮಿರ್ಚಿ ಮಂಡಕ್ಕಿ ತಿನ್ನುವಾಗ ಅವರು ಮಿರ್ಚಿ ಬಜ್ಜಿ ಕರಿಯುವ ಕಡಾಯಿಯ ಪಕ್ಕ ನಿಂತು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆಯುತ್ತಿದ್ದರು. "ವಾಸನಿಗೆ ಟಿಕೆಟ್ ಇಲ್ರಿ." ಒಮ್ಮೆ ನಾನೇ ಒಂದು ಮಿರ್ಚಿಯನ್ನು ಅವರ ಕೈಗೆ ತುರುಕಿದೆ. ಮೂಸಿ ನೋಡಿ ಹಿಂದಕ್ಕೆ ಕೊಟ್ಟರು.

"ರಿಟೈರ್ ಆದ ಮ್ಯಾಲ ನೀವು ದಿನಾ ಬರ್ತೀರೇನ್ರಿ, ಕೊಡಾಕ?"

ಕೊನೆಗೆ ನಿಜವಾದ ನಿವೃತ್ತಿಯೂ ಬಂತು. ದಿನದ ಪ್ರಯಾಣಿಕರೆಲ್ಲ ಸೇರಿ ಹಾರ ಹಾಕಿ, ದೊಡ್ಡ ದೊಡ್ಡ ಮಾತಾಡಿದೆವು. ಅವರು ಮಾತ್ರ, "ಇದರಾಗ ಹೊಸಾದೇನೈತ್ರಿ?" ಎಂದು ಹಾರ ಸರಿಮಾಡಿಕೊಂಡರು.

ಮುಂದಿನ ತಿಂಗಳ ಕೊನೆಯ ವಾರ ಬಸ್ಸಿಳಿದು ನೋಡಿದರೆ, ಕಡಾಯಿಯ ಪಕ್ಕ ಅವರೇ. ಇಸ್ತ್ರಿ ಅಂಗಿ, ಜೇಬಿನಿಂದ ಇಣುಕುವ ಅಂಚೆ ಪಾಸ್‌ಬುಕ್ಕು, ಎರಡೂ ಕೈಯಲ್ಲಿ ಮಿರ್ಚಿಯ ತಟ್ಟೆ. ಬಸ್ಸಿನಿಂದ ಇಳಿದವರಿಗೆಲ್ಲ ಹಂಚುತ್ತಿದ್ದರು.

"ತಗೋರಿ ಮಾಸ್ತರ," ಎಂದರು. "ಈ ವಾರ ನಾ ಡ್ಯೂಟಿ ಮ್ಯಾಲ ಅದೀನ್ರಿ."