ಒಂದು ಹಗಲಿನ ಗವರ್ನರ್

ವೆಂಡೆಲ್ ಟ್ಯಾಕೆಟ್ ನಮ್ಮ ರಾಜ್ಯವನ್ನು ಆಳಿದ್ದು ಒಂದೇ ಒಂದು ಹಗಲು. ಹೋದ ವಾರ ಪತ್ರಿಕೆಯವರು ಅವನ ಸಾವಿನ ಸುದ್ದಿಯನ್ನು ಅಂಗೈಯಗಲದಲ್ಲಿ ಮುಗಿಸಿಬಿಟ್ಟರು. ಅದರಲ್ಲೂ ಅರ್ಧ ತಪ್ಪು. ನಲವತ್ತು ವರ್ಷ ಅವನ ಪಕ್ಕದ ಮನೆಯಲ್ಲಿದ್ದವಳು, ಅದರಲ್ಲಿ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದವಳು ನಾನು. ನಾನೇ ಹೇಳುತ್ತೇನೆ.

ಅವನ ಕಸುಬು ಬಾವಿ ಕೊರೆಯುವುದು. ಚುನಾವಣೆಗೆ ತಾನಾಗಿ ನಿಂತವನಲ್ಲ. ಪಕ್ಷದವರಿಗೆ ಹಳ್ಳಿ ಕಡೆಯ ಒಂದು ಹೆಸರು ಬೇಕಿತ್ತು, ಇವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹಾಗೆ ಉಪ ಗವರ್ನರ್ ಆದ. ಸೇತುವೆಗಳ ರಿಬ್ಬನ್ ಕತ್ತರಿಸುವುದು, ಚರ್ಚಿನ ಹೆಂಗಸರು ಮಾಡಿದ ಸೇಬಿನ ಪೈ ತಿಂದು ಬಹುಮಾನ ಕೊಡುವುದು, ಇಷ್ಟೇ ಕೆಲಸ.

"ಏನಪ್ಪಾ ದೊಡ್ಡ ಮನುಷ್ಯ, ಇವತ್ತು ಎಷ್ಟು ಪೈ ಮುಗಿಸ್ದೆ?" ಎಂದು ಬೇಲಿಯಾಚೆಯಿಂದ ಕೆಣಕುತ್ತಿದ್ದೆ.

"ಆರು. ರಾಜ್ಯ ಸುಭದ್ರವಾಗಿದೆ ಮಾರ್ವಾ, ಆರಾಮಾಗಿ ನಿದ್ದೆ ಮಾಡು."

ನಮ್ಮಲ್ಲಿ ರಾಜ್ಯ ಆಳುವುದು ಜನ ಆರಿಸಿದ ಗವರ್ನರ್. ಅವರು ರಾಜ್ಯದ ಗಡಿ ದಾಟಿದರೆ, ಮರಳುವ ತನಕ ಅಧಿಕಾರವೆಲ್ಲ ಉಪ ಗವರ್ನರ್‌ನದು. ಆ ಹೊತ್ತಿನಲ್ಲಿ ಅವನು ಯಾವ ಕಾಗದಕ್ಕೂ ಕೈ ಹಚ್ಚದಿರುವುದು ಮರ್ಯಾದೆ. ಹದಿನಾಲ್ಕು ವರ್ಷದ ಹಿಂದೆ ಒಂದು ಮಾರ್ಚ್‌ನಲ್ಲಿ ಗವರ್ನರ್ ಬೆಳಗಿನ ವಿಮಾನ ಹತ್ತಿ ಯಾವುದೋ ಸಭೆಗೆ ಹೋದರು, ಸಂಜೆಗೆ ವಾಪಸ್ಸು. ಅವರ ಮೇಜಿನ ಮೇಲೆ ಮೂರು ತಿಂಗಳಿಂದ ಒಂದು ಅರ್ಜಿ ಕೊಳೆಯುತ್ತಿತ್ತು. ಡಾಯ್ಲ್ ಪ್ರೂಯಿಟ್ ಎಂಬ ಕೈದಿಗೆ ಶ್ವಾಸಕೋಶದ ಕ್ಯಾನ್ಸರ್. ಮನೆಯಲ್ಲಿ ಸಾಯಲು ಬಿಡಿ ಎಂದು ಅವನ ತಾಯಿ ಬೇಡಿಕೊಂಡಿದ್ದಳು.

ಹೆಂಡದಂಗಡಿಯ ಜಗಳದಲ್ಲಿ ನನ್ನ ತಮ್ಮ ಲೆಸ್ಟರ್‌ನನ್ನು ಇರಿದು ಕೊಂದವನು ಈ ಡಾಯ್ಲ್. ಲೆಸ್ಟರ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ವೆಂಡೆಲ್ ಒಬ್ಬ.

ಮಧ್ಯಾಹ್ನ ವೆಂಡೆಲ್‌ನ ಫೋನು ಬಂತು.

"ಮಾರ್ವಾ, ಆ ಪ್ರೂಯಿಟ್ ಕಾಗದ ನನ್ನ ಮುಂದಿದೆ. ಇನ್ನು ಹೆಚ್ಚು ದಿನ ಉಳಿಯಲ್ವಂತೆ."

"ಸಾಯ್ಲಿ ಬಿಡು. ನನ್ನ ತಮ್ಮನಿಗೆ ಯಾವ ಮನೆ ಸಿಕ್ತು? ಹೆಂಡದಂಗಡಿ ನೆಲ!"

"ಗೊತ್ತು ಕಣೇ. ಅವತ್ತು ಬಂದು ನಿಂಗೆ ಹೇಳಿದ್ದೇ ನಾನು."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ?"

"ಕೇಳ್ತಿಲ್ಲ. ನಾಳೆ ಪೇಪರ್‌ನಲ್ಲಿ ಓದೋ ಬದ್ಲು ನನ್ನ ಬಾಯಿಂದ್ಲೇ ಗೊತ್ತಾಗ್ಲಿ ಅಂತ."

"ಸಹಿ ಹಾಕಿದ್ರೆ ನನ್ನ ಮನೆ ಮೆಟ್ಟಿಲು ತುಳೀಬೇಡ."

"ಆಯ್ತಮ್ಮಾ," ಎಂದು ಫೋನಿಟ್ಟ.

ಸಹಿ ಹಾಕಿದ. ಡಾಯ್ಲ್ ತಾಯಿಯ ಮನೆಯಲ್ಲಿ ಒಂಬತ್ತು ದಿನವಿದ್ದು ಸತ್ತ. ಗವರ್ನರ್ ಕೆಂಡಾಮಂಡಲವಾದರು, ಮುಂದಿನ ಸಲ ಪಕ್ಷ ವೆಂಡೆಲ್‌ಗೆ ಟಿಕೆಟ್ ಕೊಡಲಿಲ್ಲ. ಅವನು ಊರಿಗೆ ಬಂದು ಮತ್ತೆ ಬಾವಿ ಕೊರೆಯತೊಡಗಿದ. ಹಿಮ ಬಿದ್ದಾಗ ನನ್ನ ಗೇಟಿನವರೆಗೆ ದಾರಿ ತೆರವು ಮಾಡಿ ಅಲ್ಲಿಂದಲೇ ಮರಳುತ್ತಿದ್ದ. ಕಿಟಕಿಯಿಂದ ನೋಡುತ್ತ ಎಷ್ಟೋ ಸಲ ಅತ್ತಿದ್ದೇನೆ. ಬಾಗಿಲು ಮಾತ್ರ ತೆರೆಯಲಿಲ್ಲ. ಅಂಥ ಹಟಮಾರಿ ನಾನು.

ಹೋದ ತಿಂಗಳು ಡಾಕ್ಟರರು ಕೈಚೆಲ್ಲಿದರು. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದರು. ಅವನ ಮಗಳು ಬಂದು ಕರೆದಾಗ ಹೋದೆ. ಅವನು ತನ್ನ ಹಳೆಯ ಮಂಚದಲ್ಲಿ ಮಲಗಿದ್ದ. ಮಗಳು ಅವನ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಅಡುಗೆಮನೆಯಲ್ಲಿ ಯಾರೋ ಕಾಫಿ ಕಾಸುತ್ತಿದ್ದರು.

"ಹೆದರಿಕೆ ಆಗ್ತಿದ್ಯಾ?" ಎಂದೆ. ಹದಿನಾಲ್ಕು ವರ್ಷದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು.

"ಆಸ್ಪತ್ರೇಲಿ ಆಗ್ತಿತ್ತು," ಎಂದ. "ಇಲ್ಲಿ ಅಷ್ಟಾಗಿ ಇಲ್ಲ ಕಣೇ."

ಡಾಯ್ಲ್‌ನ ತಾಯಿ ಮಗನಿಗಾಗಿ ಕೇಳಿದ್ದು ಇಷ್ಟನ್ನೇ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವನ ಕೈ ಹಿಡಿದುಕೊಂಡು, ನೀನು ಸಹಿ ಹಾಕಿದ್ದು ಸರಿ ವೆಂಡೆಲ್ ಎಂದೆ.