ಚಕ್ಕೆ ಎದ್ದ ಮೂರು ಅಕ್ಷರ

ಪಾವಗಡದಾಚೆ ಒಂದು ಬಂಡೆಯ ಮೇಲಿನ ಶಾಸನಕ್ಕೆ ಕಾಗದ ಹಚ್ಚಿ ಅಚ್ಚು ತೆಗೆಯಲು ಹೋದರೆ, ಅಕ್ಷರಗಳ ಮೇಲೆಲ್ಲ ಕಡಲೆಕಾಯಿ ಒಣಗುತ್ತಿತ್ತು. ಕಾವಲು ಕೂತಿದ್ದ ತಿಪ್ಪಜ್ಜಿ ಕಾಯಿ ಬದಿಗೆ ಸರಿಸಿಕೊಟ್ಟು, "ಈಗ್ಲೇ ಹಚ್ಚಬ್ಯಾಡ ನಾಯನಾ, ಕಲ್ಲು ಕಾದೈತೆ," ಅಂದಳು. ನಾನು ಕೇಳಲಿಲ್ಲ. ಒದ್ದೆ ಕಾಗದ ಹಪ್ಪಳದ ಹಾಗೆ ಒಣಗಿ, ಎದ್ದು, ಗಾಳಿಗೆ ಹಾರಿತು.

ಹೊತ್ತು ಇಳಿಯಲೆಂದು ಇಬ್ಬರೂ ಹುಣಸೆ ನೆರಳಲ್ಲಿ ಕೂತೆವು. ಸುತ್ತಲಿನ ಗುಂಡುಬಂಡೆಗಳು ಬಿಸಿಲ ಝಳದಲ್ಲಿ ತೇಲುತ್ತಿದ್ದವು. ಈ ಕಲ್ಲೆಲ್ಲ ಒಂದು ಕಾಲಕ್ಕೆ ನೆಲದೊಳಗೆ ಬೆಂಕಿಯಾಗಿ ಕುದಿಯುತ್ತಿತ್ತು ಅಜ್ಜಿ, ಎಂದೆ.

"ಇನ್ನೂ ಆರಿಲ್ವಲ್ಲಪ್ಪ."

ಸಂಜೆ ಅಚ್ಚು ಚೆನ್ನಾಗಿ ಬಂತು. ಮೂರನೇ ಸಾಲಲ್ಲಿ ಒಂದೆಡೆ ಮಾತ್ರ ಬರೀ ಖಾಲಿ. ಅಜ್ಜಿ ದೊಡ್ಡವಳಾದ ಮೇಲೆ ಯಾವಾಗಲೋ ಕಲ್ಲು ಒಡೆಯುವವರು ಬೆಂಕಿ ಹಾಕಿ ಅಲ್ಲೊಂದು ಚಕ್ಕೆ ಎಬ್ಬಿಸಿದ್ದರಂತೆ. ಇದು ಕೆರೆಯ ಶಾಸನ, ಕಟ್ಟಿಸಿದವರ ಹೆಸರೇ ಹೋಗಿಬಿಟ್ಟಿದೆ ಎಂದು ಪೇಚಾಡಿದೆ.

"ನಮ್ ಕಾಲ್ದಾಗೆ ಸ್ಲೇಟ್ ಎಲ್ಲಿತ್ತು? ಮಕ್ಳ ಬೆರಳು ಹಿಡ್ದು ಇದ್ರ ಮ್ಯಾಲೇ ತಿದ್ದುಸೋರು. ನಂಗೆ ಓದಕ್ ಮಾತ್ರ ಬರಾಕಿಲ್ಲ," ಎನ್ನುತ್ತ ಅಜ್ಜಿ ಮೊದಲ ಸಾಲಿಂದ ಬೆರಳಾಡಿಸಿದಳು. ಚಕ್ಕೆ ಎದ್ದಲ್ಲೂ ಬೆರಳು ನಿಲ್ಲಲಿಲ್ಲ. ಬೋಳು ಕಲ್ಲಿನ ಮೇಲೆ ಮೂರು ಹಳಗಾಲದ ಅಕ್ಷರ ತಿದ್ದಿ ಮುಂದೆ ಹೋಯಿತು. ಬೆರಳಿನ ಜಾಡಲ್ಲೇ ಓದಿಕೊಂಡೆ: ಮಾಚವ್ವೆ.

ವರದಿಯಲ್ಲಿ ಆ ಹೆಸರಿಗೆ ಆಧಾರ 'ತಿಪ್ಪಜ್ಜಿಯ ಬೆರಳು' ಎಂದು ಬರೆದೆ. ಇಲಾಖೆಯ ಮೇಲಿನವರು ಅದನ್ನು ಹೊಡೆದುಹಾಕಿ ಷರಾ ಬರೆದರು: "ಲಿಖಿತ ಆಧಾರ ಲಗತ್ತಿಸಿ."