ಬೆಂಚಿಗೆ ಒಬ್ಬನನ್ನು ಆರಿಸಿದ್ದು

ಮೊನ್ನೆ ಮುಂಜಾನೆ ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತ ಕುಳಿತಿದ್ದೆ. ಆ ವಾಸನೆಗೆ ನಿಮಗೆ ನೆಗಡಿಯೋ ತಲೆನೋವೋ ನೆನಪಾಗಬಹುದು. ನನಗೆ ವಾಲಿಬಾಲ್ ಅಂಗಳದ ಅಂಚಿನ ಬೆಂಚು ನೆನಪಾಗುತ್ತದೆ. ಉಳಿದವರೆಲ್ಲ ಬಿಸಿಲಲ್ಲಿ ಹಾರಾಡುವಾಗ ನೀರಿನ ಬಾಟಲಿ, ಒದ್ದೆ ಟವೆಲು, ಮುಲಾಮಿನ ಡಬ್ಬಿಗಳ ನಡುವೆ ಒಬ್ಬ ಸುಮ್ಮನೆ ಕುಳಿತಿರುತ್ತಾನಲ್ಲ, ಅವನು ನೆನಪಾಗುತ್ತಾನೆ. ಅಂಥ ಒಬ್ಬನನ್ನು ಆರಿಸುವ ಹೊಣೆ ಕೆಲವು ವರ್ಷಗಳ ಹಿಂದೆ ನನ್ನ ಮೇಲೆ ಬಿತ್ತು. ಆ ಕೆಲಸವನ್ನು ನಾನು ಎಷ್ಟು ಜಾಣತನದಿಂದ ಮಾಡಿದೆ ಎಂಬುದನ್ನು ಯಾರಿಗಾದರೂ ಹೇಳಿಕೊಳ್ಳದೆ ಇರಲಾರೆ. ನೀವು ಸಿಕ್ಕಿದ್ದೀರಿ, ಕೇಳಿ.

ನಾನು ಹುಮನಾಬಾದಿನಲ್ಲಿ ಪೈಪು, ನಲ್ಲಿ ಮಾರಿಕೊಂಡು ಬಾಳಿದವನು. ಓದು ಹತ್ತನೆಯ ತರಗತಿಗೆ ಮುಗಿಯಿತು. ಆದರೆ ಹೈಸ್ಕೂಲಿನಲ್ಲಿ ವಾಲಿಬಾಲ್ ತಂಡದ ಲಿಫ್ಟರ್ ಆಗಿದ್ದೆ. ಲಿಫ್ಟರ್ ಎಂದರೆ ನೆಟ್ಟಿನ ಪಕ್ಕ ನಿಂತು, ಹೊಡೆಯುವವರಿಗೆ ಚೆಂಡನ್ನು ಎತ್ತಿ ಕೊಡುವವನು. ಹೊಡೆದವನಿಗೆ ಚಪ್ಪಾಳೆ ಬೀಳುತ್ತದೆ. ಆದರೆ ಚೆಂಡು ಯಾರಿಗೆ, ಯಾವಾಗ, ಎಷ್ಟು ಎತ್ತರಕ್ಕೆ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವವನು ಲಿಫ್ಟರ್. ಇಡೀ ತಂಡ ಅವನ ಬೆರಳ ತುದಿಯಲ್ಲಿರುತ್ತದೆ. ಇದನ್ನು ನಾನು ಐವತ್ತು ವರ್ಷ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಗಿರಾಕಿಗಳಿಗೆ ಹೇಳುತ್ತ ಬಂದೆ. ಪಾಪ, ನಲ್ಲಿ ಕೊಳ್ಳಲು ಬಂದವರು ಕೇಳದೆ ಏನು ಮಾಡಿಯಾರು?

ಈಗೀಗ ಬಸವಕಲ್ಯಾಣದಲ್ಲಿ ವಾಲಿಬಾಲ್ ಲೀಗ್ ನಡೆಯುತ್ತದೆ. ವ್ಯಾಪಾರಸ್ಥರು ಒಂದೊಂದು ತಂಡ ಕೊಳ್ಳುತ್ತಾರೆ, ಆಟಗಾರರಿಗೆ ಸಂಭಾವನೆ, ಅಂಗಿಯ ಬೆನ್ನಿಗೆ ಹೆಸರು, ಎಲ್ಲ ಉಂಟು. ನಮ್ಮ ತಂಡದ ಮಾಲೀಕರು ಅರಿವೆ ಅಂಗಡಿಯವರು. ಚೆಂಡು ನೆಲಕ್ಕೆ ಬೀಳಬಾರದು ಎಂಬುದೊಂದನ್ನು ಬಿಟ್ಟರೆ ಅವರಿಗೆ ಆಟದ ಬೇರೆ ಸಂಗತಿ ಗೊತ್ತಿರಲಿಲ್ಲ. ನನ್ನ ಬಿಳಿ ಕೂದಲು ನೋಡಿ, ‘ಕಾಕಾ, ಹುಡುಗರನ್ನ ಆರಸೋದು ನಿಮ್ಮ ಮ್ಯಾಲೆ’ ಎಂದುಬಿಟ್ಟರು. ಬಿಳಿ ಕೂದಲಿಗೆ ನಮ್ಮ ಸೀಮೆಯಲ್ಲಿ ಇನ್ನೂ ಅಷ್ಟು ಬೆಲೆಯಿದೆ.

ಮೊದಲ ಲಿಫ್ಟರನ ಆಯ್ಕೆಗೆ ಯೋಚಿಸಬೇಕಾಗಿರಲಿಲ್ಲ. ಅವನು ನನ್ನ ತಂಗಿಯ ಮಗ ಸಂತೋಷ. ನಗಬೇಡಿ, ಹುಡುಗ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದ. ಮನಸ್ಸು ಮಾತ್ರ ಹಪ್ಪಳದಂಥದ್ದು, ಯಾರಾದರೂ ಬೆರಳು ಇಟ್ಟರೆ ಮುರಿಯುತ್ತಿತ್ತು. ಅವನಿಗೆ ಏನಾದರೂ ಆದರೆ ಬದಲಿಗೆ ಒಬ್ಬ ಬೇಕಲ್ಲ? ಹುಲಸೂರಿನಿಂದ ಒಬ್ಬ ಚುರುಕು ಹುಡುಗ ಬಂದ. ಬಂದ ಮೊದಲ ದಿನವೇ ಸಂತೋಷನಿಗೆ, ‘ಅಣ್ಣಾ, ಮೊಣಕಾಲ ಜರಾ ಬಗ್ಗಸ್ರಿ, ಚೆಂಡು ಅರ್ಧಕ್ಕ ನಿಂದರಾಕತ್ತದ’ ಎಂದ. ಸರಿಯಾದ ಮಾತೇ. ಸಂತೋಷ ಊಟ ಬಿಟ್ಟ. ತಂಗಿಯ ಫೋನ್ ಬಂತು.

‘ಅಣ್ಣಾ, ಹುಲಸೂರಿಂದ ಯಾರನ್ನ ಹುಡುಕ್ಯಾಡಿ ತಂದೀದಿ? ನಮ್ಮ ಹುಡುಗ ರೊಟ್ಟಿ ಮುಟ್ಟವಲ್ಲ.’

‘ಆಟಕ್ಕ ತಂದೀನವ್ವಾ.’

‘ಆಟ ಆಮ್ಯಾಲ ನೋಡು. ಮದ್ಲ ಇವಂಗ ಉಣ್ಣಾಕ ಹೇಳು.’

ಹುಲಸೂರಿನ ಹುಡುಗನನ್ನು ‘ಆಟ ಬರಾಬರ್ ಅದ, ಬಾಯಿ ಜೋರು’ ಎಂದು ಹೇಳಿ ಕಳಿಸಿದೆ. ಆಮೇಲೆ ನನಗೊಂದು ಸಿದ್ಧಾಂತ ಹೊಳೆಯಿತು. ಆಡುವವನನ್ನು ಆಟ ನೋಡಿ ಆರಿಸಬೇಕು, ಕೂಡುವವನನ್ನು ಕೂಡುವ ರೀತಿ ನೋಡಿ ಆರಿಸಬೇಕು. ಹಿಂದೆ ಉಳಿದರೂ ಬೇಜಾರಾಗದವನು ಬೇಕು. ಇದನ್ನು ಪರೀಕ್ಷಿಸುವುದು ಹೇಗೆ? ನಮ್ಮ ಕಡೆ ಮನುಷ್ಯನನ್ನು ಅಳೆಯಲು ಚಹಾ ಒಂದಿದ್ದರೆ ಸಾಕು. ಬೀಗರನ್ನು, ಆಳನ್ನು, ಪಾಲುದಾರನನ್ನು ನಾವು ಚಹಾ ಕೊಟ್ಟೇ ನೋಡುತ್ತೇವೆ. ಉಮೇದುವಾರರನ್ನೆಲ್ಲ ಸಾಲಾಗಿ ಕೂರಿಸಿ ಕೆಟ್ಲಿಯಿಂದ ಚಹಾ ಹಾಕಿಸಿದೆ. ಸಾಲಿನ ಕೊನೆಯವನಿಗೆ ಚಹಾ ಸಾಲದಂತೆ ಮೊದಲೇ ಏರ್ಪಾಡು ಮಾಡಿದ್ದೆ. ಬೇರೆ ಬೇರೆ ಹುಡುಗರನ್ನು ಸರದಿಯಂತೆ ಕೊನೆಗೆ ಕೂರಿಸಿ ನೋಡಿದೆ. ಒಬ್ಬ ಕೆಟ್ಲಿಯೊಳಗೆ ಇಣುಕಿದ. ಇನ್ನೊಬ್ಬ ‘ಏ, ನಂದೆಲ್ಲಿ?’ ಎಂದ. ನಿರ್ಣಾ ಊರಿನ ರೇವಣಸಿದ್ಧ ಮಾತ್ರ ಖಾಲಿ ಕೆಟ್ಲಿ ತನ್ನ ಮುಂದೆ ಬಂದಾಗ, ‘ನಂದಾಗ್ಯಾದ್ರಿ’ ಎಂದು ಸುಳ್ಳು ಹೇಳಿ, ಎಲ್ಲರ ಗ್ಲಾಸು ತೊಳೆದಿಟ್ಟ.

ಸಿಕ್ಕನಲ್ಲ ಎಂದುಕೊಂಡೆ. ಅವನು ಹೇಗೆ ಆಡುತ್ತಾನೆ ಎಂದು ಮಾಲೀಕರು ಕೇಳಿದಾಗ, ‘ಹುಡುಗ ಭಾಳ ಒಳ್ಳ್ಯಾವ’ ಎಂದೆ. ಅವರಿಗೂ ಅದು ಸಮರ್ಪಕ ಉತ್ತರವೇ ಎನಿಸಿತು.

ರೇವಣಸಿದ್ಧ ಕುರಿ ಕಾಯುವ ಮನೆತನದವನು, ಮೂವತ್ತರ ಆಸುಪಾಸು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹಿಡಿದು ಬರುತ್ತಿದ್ದ. ಅವನು ನನ್ನನ್ನು ಕೇಳಿದ್ದು ಒಂದೇ ಒಂದು.

‘ಕಾಕಾ, ಸಂಜಿಕ ಜರಾ ಹೊತ್ತು ಹೊಡಿಯೋ ಮಂದಿ ಜೋಡಿ ನಿಂದರ್ಲೇನ್ರಿ? ಯಾರಿಗಿ ಎಷ್ಟು ಎತ್ತರ ಬೇಕು ಅಂತ ತಿಳೀತದ.’

ಸಂತೋಷನ ಮುಖ ನೋಡಿದೆ. ಹಪ್ಪಳ ಸಣ್ಣಗೆ ಬಿರುಕು ಬಿಡುತ್ತಿತ್ತು. ‘ನಿನಗ್ಯಾಕೋ ಫಿಕರು? ನೀ ಆರಾಮ ಕುಂದ್ರು’ ಎಂದೆ.

‘ಆಯ್ತ್ರಿ’ ಎಂದು ಕುಳಿತ. ಮರುದಿನವೂ ಕೇಳಿದ, ಅದರ ಮರುದಿನವೂ. ಆಮೇಲೆ ಕೇಳುವುದನ್ನು ಬಿಟ್ಟ. ಎಂಥ ಆಯ್ಕೆ ನನ್ನದು ಎಂದು ಹಿಗ್ಗಿದೆ. ಜೀಪಿನ ಹಿಂದೆ ನೇತುಹಾಕಿದ ಸ್ಟೆಪ್ನಿಗೆ ಗಾಳಿ ಇದೆಯೇ ಎಂದು ನಾವ್ಯಾರಾದರೂ ನೋಡುತ್ತೇವೆಯೇ? ಇದೆ ಎಂಬ ಧೈರ್ಯವೇ ಸಾಕು, ಅದರ ಮೇಲೇ ಹೈದರಾಬಾದಿನವರೆಗೆ ಹೋಗಿಬರುತ್ತೇವೆ.

ಸೆಮಿಫೈನಲ್ ದಿನ ಸಂತೋಷನ ಬೆರಳು ತಿರುಚಿತು. ರೇವಣಸಿದ್ಧ ಎದ್ದು ಅಂಗಳಕ್ಕಿಳಿದ. ಚೆಂಡು ಅವನ ಕೈಯಿಂದ ಹೂವಿನಂತೆ ಮೇಲೇಳುತ್ತಿತ್ತು, ಅದರಲ್ಲಿ ಕೊರತೆ ಇರಲಿಲ್ಲ. ಆದರೆ ಅವನು ಕೊಡುವ ಕ್ರಮ ನೋಡಿ ನಾನು ಎದ್ದು ನಿಂತೆ. ಪಂಕ್ತಿಯಲ್ಲಿ ಹುಗ್ಗಿ ಬಡಿಸುವವನಂತೆ ಒಬ್ಬರಾದ ಮೇಲೆ ಒಬ್ಬರಿಗೆ, ಎಡಗಡೆಯವನಿಗೆ, ನಡುವಿನವನಿಗೆ, ಬಲಗಡೆಯವನಿಗೆ, ಮತ್ತೆ ಎಡಗಡೆಯವನಿಗೆ ಕೊಡುತ್ತಿದ್ದ. ಯಾರು ಹೇಗೆ ಹೊಡೆಯುತ್ತಾರೆಂದು ಗೊತ್ತಿಲ್ಲದವನು ಇನ್ನೇನು ಮಾಡಬೇಕು? ಯಾರಿಗೂ ಕಡಿಮೆಯಾಗದಂತೆ ನೋಡಿಕೊಂಡ. ನಮ್ಮ ಎತ್ತರದ ಆಟಗಾರ ಕೂಗಿಕೊಂಡ.

‘ಏ ರೇವಣ್ಯಾ, ನನಗ ಕೊಡೋ!’

‘ನಿನಗ ಈಗರೆ ಬಂದದಲ್ಲೋ ಅಣ್ಣಾ. ಅವಂಗ ಇನ್ನಾ ಬಂದಿಲ್ಲ.’

ಮಂದಿ ಬಿದ್ದು ಬಿದ್ದು ನಕ್ಕರು. ಎದುರಿನ ತಂಡದವರು ನಗುತ್ತಲೇ ಲೆಕ್ಕ ಹಿಡಿದರು. ‘ಈಗ ನಡುವಿನವನ ಪಾಳಿ, ನಡೀರೋ!’ ಎಂದು ಕೂಗಿ ಮೊದಲೇ ಅಲ್ಲಿಗೆ ಓಡಿ ಕೈ ಎತ್ತಿ ನಿಲ್ಲುತ್ತಿದ್ದರು. ಸೋತೆವು.

ಇಲ್ಲಿಯವರೆಗಿನದು ಮೂರ್ಖತನ, ಅದಕ್ಕೆ ಕ್ಷಮೆ ಇದ್ದೀತು. ಮುಂದಿನದು ಬೇರೆ. ಮಾಲೀಕರು ಎಲ್ಲ ತಂಡದವರ ನಡುವೆ ನಿಂತು, ‘ಕಾಕಾ, ಇವನ್ನ ಯಾರ್ ತಂದಿದ್ದು?’ ಎಂದು ಕೇಳಿದರು. ನನ್ನ ಬಿಳಿ ಕೂದಲು ಬಿಸಿಲಿಗೆ ಹೊಳೆಯುತ್ತಿತ್ತು. ‘ಹುಡುಗರು ಬೇಕಂದ್ರು ಅಂತ ಇಟ್ಕೊಂಡ್ವಿ. ಒಂದ್ ದಿನಾನೂ ಪ್ರಾಕ್ಟೀಸಿಗಿ ಬರಲಿಲ್ಲ ಅಂವ’ ಎಂದೆ.

ರೇವಣಸಿದ್ಧ ನನ್ನ ಬೆನ್ನ ಹಿಂದೆಯೇ ಟವೆಲು ಮಡಚುತ್ತಿದ್ದ. ಎಲ್ಲವನ್ನೂ ಮಡಚಿಟ್ಟು ಹೋದ.

ಪ್ರಾಕ್ಟೀಸಿಗೆ ಬರುವುದಿಲ್ಲ ಎಂಬ ಮಾತು ಆಟಗಾರನಿಗೆ ಅಂಟಿದರೆ ಹೋಗುವುದಿಲ್ಲ. ಮರುವರ್ಷ ಯಾವ ತಂಡವೂ ಅವನನ್ನು ಕರೆಯಲಿಲ್ಲ, ಅದರ ಮರುವರ್ಷವೂ. ನನ್ನನ್ನು ಮಾತ್ರ ಪ್ರತಿವರ್ಷ ಕರೆದು ಶಾಲು ಹೊದಿಸಿದರು.

ಮೊನ್ನೆ ಮುಲಾಮು ತಿಕ್ಕುತ್ತಿದ್ದಾಗಲೇ ಮಾಲೀಕರ ಫೋನ್ ಬಂತು. ‘ಕಾಕಾ, ಈ ಸಲಾನೂ ಸಂತೋಷಗ ಒಬ್ಬ ಬದ್ಲಿ ನೋಡ್ರಿ.’ ಆ ವಾಸನೆಯಲ್ಲಿ ನನಗೆ ನೆನಪಾದವನು ಒಬ್ಬನೇ. ಕೈ ತೊಳೆಯದೆಯೇ ಅಂಗಿ ಹಾಕಿಕೊಂಡೆ. ಮನ್ನಾಏಖೇಳ್ಳಿಯಲ್ಲಿ ಬಸ್ಸು ಬದಲಿಸಿ ನಿರ್ಣಾಕ್ಕೆ ಹೋದೆ. ರೇವಣಸಿದ್ಧ ಕುರಿದೊಡ್ಡಿಯ ಗೋಡೆಗೆ ಚೆಂಡು ಎತ್ತಿ ಎತ್ತಿ ಹಾಕುತ್ತಿದ್ದ. ಹೋದ ವರ್ಷ ಯಾರೂ ಕರೆಯದೆ ಉಳಿದವನು, ಈ ವರ್ಷವೂ ಕರೆ ಬರುವ ಭರವಸೆ ಇಲ್ಲದವನು.

‘ಬರ್ರಿ’ ಎಂದ. ಬಂದ ಕಾರಣ ಹೇಳಿದೆ.

‘ಬರಂಗಿಲ್ರಿ’ ಎಂದ. ಅವನ ಬಾಯಿಂದ ‘ಇಲ್ಲ’ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ‘ನನ್ನ ಮ್ಯಾಲ ಒಂದ್ ಮಾತದ. ಅದು ಯಾರ ಬಾಯಿಂದ ಬಂದದ, ಅವರೇ ತಿರುಗಿ ಹೇಳ್ಬೇಕು. ಎಲ್ಲಾ ತಂಡದವರ ಮುಂದ. ಆಮ್ಯಾಲ ನೋಡಾಮು.’

ಮರುದಿನ ಬಸವಕಲ್ಯಾಣದಲ್ಲಿ ಮಾಲೀಕರೆಲ್ಲ ಸೇರುವುದಿತ್ತು. ಬಸ್ಸಿನಲ್ಲಿ ನನ್ನ ಮಾತನ್ನು ಬಾಯಿಪಾಠ ಮಾಡುತ್ತ ಹೋದೆ. ಸಭೆ ಸ್ತಬ್ಧವಾಗುತ್ತದೆ, ಒಬ್ಬಿಬ್ಬರು ಕಣ್ಣೊರೆಸಿಕೊಳ್ಳುತ್ತಾರೆ ಎಂದೆಲ್ಲ ಅಂದುಕೊಂಡೆ. ಪಶ್ಚಾತ್ತಾಪದಲ್ಲೂ ನನಗೆ ಚಪ್ಪಾಳೆ ಬೇಕಿತ್ತು ನೋಡಿ. ಎದ್ದು ನಿಂತು ಹೇಳಿದೆ. ಅವನು ದಿನಾಲೂ ಬಂದಿದ್ದ, ಚೆಂಡು ಕೊಡದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಒಬ್ಬರು ಮೊಬೈಲ್ ನೋಡುತ್ತಿದ್ದರು. ಇನ್ನೊಬ್ಬರು, ‘ರೇವಣಸಿದ್ಧ ಅಂದ್ರ ಯಾರ್ರಿ?’ ಎಂದು ಪಕ್ಕದವರನ್ನು ಕೇಳಿದರು. ನಮ್ಮ ಮಾಲೀಕರು ನಕ್ಕುಬಿಟ್ಟರು.

‘ಇಷ್ಟರ ಸಲುವಾಗಿ ಬಿಸಲಾಗ ಬಂದೀರೇನ್ ಕಾಕಾ? ಕರಕೊಂಡು ಬರ್ರಿ, ಅದಕ್ಕೇನು.’

ನಾನು ಒಂದು ಮಾತಿನಲ್ಲಿ ಕೆಡಿಸಿದ ಹೆಸರು ಅವರಿಗೆ ನೆನಪೇ ಇರಲಿಲ್ಲ. ‘ಪ್ರಾಕ್ಟೀಸಿಗಿ ಬರಂಗಿಲ್ಲ’ ಎಂಬುದಷ್ಟೇ ಉಳಿದಿತ್ತು. ದಿನಾಲೂ ಸಂಜೆ ಅವನ ಕೈಗೂ ಚೆಂಡು ಸಿಗಬೇಕು ಎಂದು ಎಲ್ಲರೆದುರೇ ಮಾಲೀಕರನ್ನು ಒಪ್ಪಿಸಿದೆ. ಬಾಗಿಲ ಬಳಿ ನಿಂತಿದ್ದ ಸಂತೋಷ, ‘ಮಾಮಾ, ಹಂಗಾದ್ರ ನಾ?’ ಎಂದ.

‘ನೀ ಅವನಕ್ಕಿಂತ ಚಲೋ ಆಡು’ ಎಂದೆ. ತಂಗಿಯ ಫೋನ್ ಬರುತ್ತದೆ, ಬರಲಿ.

ಅಲ್ಲಿಂದ ನೇರ ನಿರ್ಣಾಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ರೇವಣಸಿದ್ಧ ಎಲ್ಲ ಕೇಳಿ, ‘ನಕ್ಕರೇನ್ರಿ?’ ಎಂದ.

‘ನಕ್ಕರು.’

‘ಹಂಗಾದ್ರ ನಿಮ್ಮ ಭಾರ ಇನ್ನಾ ಇಳದಿಲ್ಲ ಬಿಡ್ರಿ’ ಎಂದು ಚೆಂಡನ್ನು ನನ್ನ ಕೈಗಿಟ್ಟ. ‘ಗ್ವಾಡಿ ಒಂದೇ ತರಾ ಕೊಡ್ತದ. ನೀವ್ ಒಗೀರಿ.’

ಒಗೆದೆ. ಅವನು ಎತ್ತಿದ. ಮತ್ತೆ ಒಗೆದೆ. ಕುರಿಗಳು ದೊಡ್ಡಿಗೆ ಮರಳಿದವು, ಅವನ ತಮ್ಮ ಬಂದು ಕದ ಹಾಕಿ ಹೋದ. ನನ್ನ ಹೆಗಲು ಸೋತಿತ್ತು. ‘ಸಾಕ್ರಿ ಕಾಕಾ, ದಣದೀರಿ’ ಎಂದು ಇನ್ನೇನು ಹೇಳುತ್ತಾನೆ ಎಂದು ಕಾಯುತ್ತಿದ್ದೆ. ಅವನು ಹಣೆಯ ಬೆವರು ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

‘ಇನ್ನಾ ಎತ್ತರಕ್ಕ ಒಗೀರಿ’ ಎಂದ.

ಒಗೆದೆ.